ಎಗ್ಮೋರಿನ ಮರಳು, ಚೆಲ್ಸಿಯ ಶಾಲೆ

ಕೇಳುಗರಿಗೆ ನಮಸ್ಕಾರ.

ಲಂಡನ್ನಿನ ಚೆಲ್ಸಿ ಬಡಾವಣೆಯಲ್ಲಿ, ಕಿಂಗ್ಸ್ ರಸ್ತೆಯ ಪಕ್ಕದಲ್ಲಿ, ಒಂದು ದೊಡ್ಡ ಹುಲ್ಲುಹಾಸು ಇದೆ. ಅದರ ಹಿಂದೆ ಇಟ್ಟಿಗೆಯ ಉದ್ದನೆಯ ಕಟ್ಟಡ. ಮುಂಭಾಗದಲ್ಲಿ ನಾಲ್ಕು ದಪ್ಪ ಕಂಬಗಳು. ಈಗ ಅದು ಸಾಚಿ ಗ್ಯಾಲರಿ. ಹೊಸ ಕಾಲದ ಚಿತ್ರ, ಶಿಲ್ಪ ನೋಡಲು ಜನ ಅಲ್ಲಿಗೆ ಹೋಗುತ್ತಾರೆ. ಆದರೆ ನೂರು ವರ್ಷಕ್ಕೂ ಜಾಸ್ತಿ ಕಾಲ ಅಲ್ಲಿ ಸೈನಿಕರ ಮಕ್ಕಳು ಓದಿದರು, ಉಂಡರು, ಮಲಗಿದರು, ಕವಾಯತು ಮಾಡಿದರು. ಅವರು ಓದಿದ ರೀತಿಗೂ ನಮ್ಮ ದಕ್ಷಿಣದ ಊರ ಶಾಲೆಗಳಿಗೂ ನಂಟಿದೆ. ಇವತ್ತು ಆ ನಂಟಿನ ಕಥೆ ಹೇಳುತ್ತೇನೆ.

ಮೊದಲು ಈ ಶಾಲೆ ಯಾಕೆ ಬೇಕಾಯಿತು ಅನ್ನುವುದನ್ನು ನೋಡೋಣ. ಹದಿನೆಂಟನೇ ಶತಮಾನ ಮುಗಿಯುತ್ತಿದ್ದ ಹೊತ್ತು. ಬ್ರಿಟನ್ ಫ್ರಾನ್ಸ್ ಜೊತೆ ಯುದ್ಧದಲ್ಲಿತ್ತು. ಆಗ ಸೈನಿಕನ ಸಂಸಾರದ ಪಾಡು ಬಹಳ ಕಷ್ಟ. ಒಂದು ದಳ ಸಮುದ್ರ ದಾಟಿ ಹೊರಟರೆ, ಸುಮಾರು ನೂರು ಸಿಪಾಯಿಗಳಿಗೆ ಆರು ಹೆಂಡತಿಯರು ಮಾತ್ರ ಜೊತೆಗೆ ಹೋಗಬಹುದಿತ್ತು. ಯಾರು ಆ ಆರು ಜನ? ಚೀಟಿ ಎತ್ತಿ ತೀರ್ಮಾನ ಮಾಡುತ್ತಿದ್ದರು. ಚೀಟಿ ಬಾರದ ಹೆಣ್ಣುಮಕ್ಕಳು ಮಕ್ಕಳನ್ನು ಕಟ್ಟಿಕೊಂಡು ಬಂದರಿನಲ್ಲೇ ಉಳಿಯುತ್ತಿದ್ದರು. ಗಂಡ ವಾಪಸ್ ಬರುವ ಖಾತ್ರಿ ಇಲ್ಲ. ಕೈಯಲ್ಲಿ ಕಾಸಿಲ್ಲ. ಚೀಟಿ ಬಂದವರ ಮಕ್ಕಳು ಸುಖವಾಗಿದ್ದರು ಅಂತಲೂ ಅಲ್ಲ. ಅವರು ಸೇನೆಯ ಗಾಡಿಗಳ ಹಿಂದೆ ಅಲೆದು ಬೆಳೆದರು.

ಈ ಮಕ್ಕಳಿಗಾಗಿ 1801ರಲ್ಲಿ ದೊರೆ ಮೂರನೇ ಜಾರ್ಜ್ ಒಂದು ಆಜ್ಞೆ ಹೊರಡಿಸಿದ. ಅವನ ಎರಡನೇ ಮಗ ಫ್ರೆಡರಿಕ್, ಯಾರ್ಕಿನ ಡ್ಯೂಕ್, ಆಗ ಬ್ರಿಟಿಷ್ ಸೇನೆಯ ದಂಡನಾಯಕ. ಅದೇ ವರ್ಷ ಜೂನ್ 19ರಂದು ಚೆಲ್ಸಿಯಲ್ಲಿ ಅಡಿಗಲ್ಲು ಇಟ್ಟವನು ಅವನೇ. 1803ರಲ್ಲಿ ಮಕ್ಕಳು ಬಂದರು. ಶಾಲೆಯ ಹೆಸರು ರಾಯಲ್ ಮಿಲಿಟರಿ ಅಸೈಲಮ್. ಅಸೈಲಮ್ ಅಂದರೆ ಇಲ್ಲಿ ಆಶ್ರಯದ ಮನೆ.

ಕಟ್ಟಡದ ನಕ್ಷೆ ಮಾಡಿದವನು ಜಾನ್ ಸ್ಯಾಂಡರ್ಸ್. ಆ ಕಾಲದ ದೊಡ್ಡ ವಾಸ್ತುಶಿಲ್ಪಿ ಜಾನ್ ಸೋನ್‌ನ ಮೊದಲ ಶಿಷ್ಯ. ಮುಂದೆ ಸ್ಯಾಂಡ್‌ಹರ್ಸ್ಟ್‌ನ ಸೈನ್ಯಾಧಿಕಾರಿಗಳ ಕಾಲೇಜಿನ ಕಟ್ಟಡದಲ್ಲೂ ಇವನ ಕೈ ಇದೆ. ಅಧಿಕಾರಿಗಳಾಗುವ ಶ್ರೀಮಂತರ ಮಕ್ಕಳಿಗೂ, ಬಡ ಸಿಪಾಯಿಯ ಮಕ್ಕಳಿಗೂ ಒಬ್ಬನೇ ಕಟ್ಟಿದ. ಎರಡೂ ಕಡೆ ಎತ್ತರದ ಕಂಬಗಳು, ಎರಡೂ ಕಡೆ ಅದೇ ಗಾಂಭೀರ್ಯ. ಇದು ನನಗೆ ತುಂಬಾ ಹಿಡಿಸಿದ ವಿಷಯ. ಬಡ ಮಕ್ಕಳ ಶಾಲೆ ಅಂದರೆ ನಾಲ್ಕು ಗೋಡೆ, ಒಂದು ಸೂರು ಸಾಕು ಅಂತ ಅಲ್ಲಿ ಯಾರೂ ಕೈ ಬಿಗಿ ಹಿಡಿಯಲಿಲ್ಲ.

700 ಹುಡುಗರು, 300 ಹುಡುಗಿಯರು ಇರಬಹುದು ಅಂತ ಮೊದಲಿಗೆ ಲೆಕ್ಕ ಹಾಕಿದ್ದರು. ತೀರಾ ಚಿಕ್ಕ ಮಕ್ಕಳಿಗೆ ವೈಟ್ ದ್ವೀಪದಲ್ಲಿ ಬೇರೆ ಮನೆ ಇತ್ತು. ಹುಡುಗರಿಗೆ ಕೆಂಪು ಅಂಗಿ, ನೀಲಿ ಚಲ್ಲಣ, ನೀಲಿ ಕಾಲುಚೀಲ, ಕಪ್ಪು ಟೋಪಿ. ಹುಡುಗಿಯರಿಗೆ ಕೆಂಪು ಗೌನು, ನೀಲಿ ಲಂಗ, ಹುಲ್ಲಿನ ಟೋಪಿ. ಪೂರ್ತಿ ಅನಾಥರಿಗೆ, ಯುದ್ಧದಲ್ಲಿ ಅಪ್ಪನನ್ನು ಕಳೆದುಕೊಂಡವರಿಗೆ ಆದ್ಯತೆ. ದೊಡ್ಡವರಾದ ಮೇಲೆ ಹುಡುಗರು ಯಾವುದಾದರೂ ಕಸುಬು ಕಲಿಯಲು ಹೋಗಬಹುದಿತ್ತು, ಇಲ್ಲವೇ ಸೇನೆ ಸೇರಬಹುದಿತ್ತು. ಸೇನೆಗೆ ಸೇರಿಸಲು ಹುಡುಗನ ಒಪ್ಪಿಗೆ ಬೇಕು ಅನ್ನುವ ನಿಯಮವೂ ಇತ್ತು. ಆದರೆ ಎಳೆತನದಿಂದ ಡೋಲು, ಕೊಳಲು, ಕವಾಯತಿನ ನಡುವೆಯೇ ಬೆಳೆದ ಹುಡುಗನ ಒಪ್ಪಿಗೆಯಲ್ಲಿ ಆಯ್ಕೆ ಎಷ್ಟಿರುತ್ತದೆ? ಇದನ್ನೂ ನಾವು ಯೋಚಿಸಬೇಕು, ಅಲ್ವಾ?

ಈಗ ಮದ್ರಾಸಿಗೆ ಬರೋಣ.

ಆಂಡ್ರ್ಯೂ ಬೆಲ್ ಅನ್ನುವ ಸ್ಕಾಟ್ಲೆಂಡಿನ ಪಾದ್ರಿ 1787ರಲ್ಲಿ ಮದ್ರಾಸಿಗೆ ಬಂದ. ಎರಡು ವರ್ಷದ ನಂತರ ಎಗ್ಮೋರಿನ ಗಂಡುಮಕ್ಕಳ ಸೈನಿಕ ಅನಾಥಾಲಯದ ಮೇಲ್ವಿಚಾರಕನಾದ. ಅಲ್ಲಿದ್ದವರು ಬ್ರಿಟಿಷ್ ಸೈನಿಕರ ಗಂಡುಮಕ್ಕಳು. ಎಷ್ಟೋ ಮಕ್ಕಳ ತಾಯಂದಿರು ಭಾರತದವರು. ಮೇಷ್ಟರುಗಳು ಬೆಲ್ ಹೇಳಿದ್ದನ್ನು ಕೇಳುತ್ತಿರಲಿಲ್ಲ. ಮಕ್ಕಳಿಗೆ ಅಕ್ಷರ ಹತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕುದುರೆ ಮೇಲೆ ಹೋಗುತ್ತಿದ್ದಾಗ ಬೆಲ್ ಒಂದು ಊರ ಶಾಲೆಯನ್ನು ನೋಡಿದ. ಮಕ್ಕಳು ನೆಲದ ಮೇಲೆ ಕೂತು, ಮರಳು ಹರಡಿಕೊಂಡು, ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ನಮ್ಮ ಕೂಲಿ ಮಠಗಳಲ್ಲಿ ಕಲಿತ ಹಿರಿಯರಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಮರಳಲ್ಲಿ ತಿದ್ದುವುದು, ಬಲ್ಲ ಹುಡುಗ ಬಾರದ ಹುಡುಗನಿಗೆ ಹೇಳಿಕೊಡುವುದು, ಎಲ್ಲರೂ ಕೂಡಿ ಮಗ್ಗಿ ಒಪ್ಪಿಸುವುದು, ಇವೆಲ್ಲ ನಮ್ಮಲ್ಲಿ ಮಾಮೂಲು. ಬೆಲ್‌ಗೆ ಅದು ಹೊಸ ದಾರಿ. ಶಾಲೆಗೆ ಹಿಂತಿರುಗಿ, ಹೀಗೇ ಕಲಿಸಿ ಅಂದ. ಕೆಳ ತರಗತಿಯ ಮೇಷ್ಟರು ಆಗುವುದಿಲ್ಲ ಅಂದುಬಿಟ್ಟ. ಆಗ ಬೆಲ್ ಆ ಕೆಲಸವನ್ನು ಎಂಟು ವರ್ಷದ ಒಬ್ಬ ಹುಡುಗನಿಗೆ ಕೊಟ್ಟ. ಹುಡುಗನ ಹೆಸರು ಜಾನ್ ಫ್ರಿಸ್ಕೆನ್. ಸಾಮಾನ್ಯ ಸಿಪಾಯಿಯ ಮಗ. ಮೇಷ್ಟರಿಂದ ಆಗದಿದ್ದುದು ಅವನಿಂದ ಆಯಿತು. ಪುಟ್ಟ ಮಕ್ಕಳು ಅಕ್ಷರ ಕಲಿತರು. ಆಮೇಲೆ ಇಡೀ ಶಾಲೆಯನ್ನೇ ಬೆಲ್ ಹಾಗೆ ನಡೆಸಿದ. ದೊಡ್ಡ ಹುಡುಗ ಮೇಷ್ಟರಾದ, ಚಿಕ್ಕವ ಶಿಷ್ಯನಾದ.

1796ರಲ್ಲಿ ಬೆಲ್ ಊರಿಗೆ ಮರಳಿದ. ಮರುವರ್ಷ ಲಂಡನ್ನಿನಲ್ಲಿ ಈ ಪ್ರಯೋಗದ ವರದಿ ಅಚ್ಚಾಯಿತು. ಕೆಲವೇ ವರ್ಷಗಳಲ್ಲಿ ಇದಕ್ಕೆ ಮದ್ರಾಸ್ ಪದ್ಧತಿ ಎಂಬ ಹೆಸರು ಬಂತು. ಒಬ್ಬ ಮೇಷ್ಟರ ಸಂಬಳದಲ್ಲಿ ನೂರಾರು ಮಕ್ಕಳಿಗೆ ಓದು! ಸರ್ಕಾರಕ್ಕೂ ಚರ್ಚಿಗೂ ಇದಕ್ಕಿಂತ ಬೇರೆ ಏನು ಬೇಕು? ಚೆಲ್ಸಿಯ ಶಾಲೆಗೂ ಅದು ಬಂತು. 1812ರ ಸುಮಾರಿಗೆ ಸೇನೆಯ ದಳ ದಳಕ್ಕೂ ಒಂದು ಶಾಲೆ ಬೇಕು ಅಂತ ಯಾರ್ಕಿನ ಡ್ಯೂಕ್ ತೀರ್ಮಾನಿಸಿದಾಗ, ಪಾಠ ಹೇಳುವ ಸಾರ್ಜೆಂಟುಗಳು ತರಬೇತಿಗೆ ಬಂದದ್ದು ಈ ಕಂಬಗಳ ಕಟ್ಟಡಕ್ಕೇ. ಎಗ್ಮೋರಿನಲ್ಲಿ ಒಬ್ಬ ಹುಡುಗ ಮರಳಿನಲ್ಲಿ ಶುರು ಮಾಡಿದ್ದು ಬ್ರಿಟಿಷ್ ಸೇನೆಯ ಪಾಠಕ್ರಮವೇ ಆಗಿಹೋಯಿತು. ಬೆಲ್ 1832ರಲ್ಲಿ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನನ್ನು ಸಮಾಧಿ ಮಾಡಿದರು. ಆ ಊರ ಶಾಲೆಯ ಅಯ್ಯನವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಬರೆದಿಡಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಹಾಗಂತ ಆ ಪದ್ಧತಿಯನ್ನು ಸುಮ್ನೆ ಹೊಗಳಲಾರೆ. ಊರ ಶಾಲೆಯಲ್ಲಿ ಇಪ್ಪತ್ತು ಮಕ್ಕಳ ನಡುವೆ ಚೆನ್ನಾಗಿ ನಡೆದದ್ದು, ನೂರಾರು ಮಕ್ಕಳ ಹಜಾರದಲ್ಲಿ ಬರೀ ಬಾಯಿಪಾಠವಾಯಿತು. ಹೇಳಿಕೊಡುವ ಹುಡುಗನಿಗೆ ತನಗೆ ಗೊತ್ತಿದ್ದಷ್ಟೇ ಗೊತ್ತು. ಅದಕ್ಕಿಂತ ಮುಂದೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರವಿಲ್ಲ. 1846ರಲ್ಲಿ ಚೆಲ್ಸಿಯ ಶಾಲೆಯನ್ನು ಪರಿಶೀಲಿಸಿದ ಸರ್ಕಾರಿ ವರದಿ ಕಟುವಾಗಿಯೇ ಇತ್ತು. ಅದೇ ವರ್ಷ ಸೇನೆಯ ಉಪಾಧ್ಯಾಯರದೇ ಒಂದು ದಳ ಹುಟ್ಟಿತು. ಅವರ ತರಬೇತಿ ಶಾಲೆಯೂ ಚೆಲ್ಸಿಯಲ್ಲೇ ಶುರುವಾಯಿತು.

ಅಷ್ಟರಲ್ಲಿ ಇದು ಬರೀ ಹುಡುಗರ ಶಾಲೆಯಾಗಿತ್ತು. ಹುಡುಗಿಯರನ್ನು 1820ರ ದಶಕದಲ್ಲಿ ಸೌತಾಂಪ್ಟನ್ನಿನ ಶಾಖೆಗೆ ಕಳಿಸಿದ್ದರು. ಆ ಶಾಖೆ ಹೆಚ್ಚು ದಿನ ಬಾಳಲಿಲ್ಲ. ಹುಡುಗಿಯರ ಓದು ಅಲ್ಲಿಗೆ ನಿಂತಿತು. ಖಾಲಿಯಾದ ಆ ಕಟ್ಟಡಕ್ಕೆ 1841ರಲ್ಲಿ ಬ್ರಿಟನ್ನಿನ ನಕಾಶೆ ಇಲಾಖೆ ಬಂತು. ಲಂಡನ್ನಿನ ಟವರ್ ಕೋಟೆಯಲ್ಲಿದ್ದ ಅವರ ಕಚೇರಿಗೆ ಬೆಂಕಿ ಬಿದ್ದಿತ್ತು.

ಚೆಲ್ಸಿಯ ಶಾಲೆಗೆ 1892ರಲ್ಲಿ ಡ್ಯೂಕ್ ಆಫ್ ಯಾರ್ಕ್ಸ್ ರಾಯಲ್ ಮಿಲಿಟರಿ ಸ್ಕೂಲ್ ಅಂತ ಹೆಸರು ಬದಲಾಯಿತು. ಊರು ಬೆಳೆದು ಸುತ್ತ ಒತ್ತಿಕೊಂಡಿತು. 1909ರಲ್ಲಿ ಶಾಲೆ ಕಡಲ ತೀರದ ಡೋವರ್‌ಗೆ ಹೋಯಿತು. ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿದ್ದ ರಾಯಲ್ ಹೈಬರ್ನಿಯನ್ ಮಿಲಿಟರಿ ಸ್ಕೂಲ್ ಐರ್ಲೆಂಡಿನ ಸ್ವಾತಂತ್ರ್ಯದ ನಂತರ ನೆಲೆ ಕಳೆದುಕೊಂಡು, 1924ರಲ್ಲಿ ಇದರ ಜೊತೆ ಸೇರಿತು. 1994ರಲ್ಲಿ ಹುಡುಗಿಯರು ಮತ್ತೆ ಬಂದರು. ಡೋವರ್‌ನಲ್ಲಿ ಶಾಲೆ ಈಗಲೂ ನಡೆಯುತ್ತಿದೆ.

ಚೆಲ್ಸಿಯ ಕಟ್ಟಡ ಬಹುಕಾಲ ಸೇನೆಯ ಮೀಸಲು ಪಡೆಯ ಕೈಯಲ್ಲಿತ್ತು. 2000ದಲ್ಲಿ ಕ್ಯಾಡೊಗನ್ ಎಸ್ಟೇಟ್ ಎಂಬ ಭೂಮಾಲೀಕ ಸಂಸ್ಥೆ ಆ ಜಾಗವನ್ನು 6 ಕೋಟಿ 60 ಲಕ್ಷ ಪೌಂಡಿಗೆ ಕೊಂಡಿತು. 2008ರ ಅಕ್ಟೋಬರಿನಲ್ಲಿ ಗ್ಯಾಲರಿ ತೆರೆಯಿತು. ಸಂರಕ್ಷಿತ ಕಟ್ಟಡವಾದ್ದರಿಂದ ಹೊರಗಿನ ರೂಪ ಉಳಿಯಿತು. ಒಳಗೆ ಮಾತ್ರ ಎಲ್ಲಾ ಬಿಳಿ ಗೋಡೆಯ ಕೋಣೆಗಳು. ಉಂಡ ಹಜಾರ ಯಾವುದು, ಪಾಠ ನಡೆದದ್ದು ಎಲ್ಲಿ, ಈಗ ನೋಡುವವರಿಗೆ ತಿಳಿಯುವುದು ಕಷ್ಟ. ಗೋಡೆಗಳನ್ನು ಉಳಿಸಿದ್ದು ದೊಡ್ಡದೇ. ಆದರೂ ಒಂದು ಪಾಠದ ಕೋಣೆಯನ್ನಾದರೂ ಹಾಗೇ ಬಿಡಬಹುದಿತ್ತು ಅನ್ನುವುದು ನನ್ನ ಆಸೆ.

ಎಗ್ಮೋರಿನ ಶಾಲೆ ಎಲ್ಲಿಗೆ ಹೋಯಿತು ಅಂತ ನೀವು ಕೇಳಬಹುದು. ಅದು 1870ರ ದಶಕದಲ್ಲಿ ನೀಲಗಿರಿಯ ಲಾರೆನ್ಸ್ ಅಸೈಲಮ್ ಜೊತೆ ಸೇರಿತು. ಅದೂ ಬ್ರಿಟಿಷ್ ಸೈನಿಕರ ಮಕ್ಕಳಿಗೆಂದೇ ಕಟ್ಟಿದ ಶಾಲೆ. ಸ್ವಾತಂತ್ರ್ಯ ಬಂದ ಮೇಲೆ ಅದು ಎಲ್ಲ ಮಕ್ಕಳ ಶಾಲೆಯಾಯಿತು. ಈಗ ಅದನ್ನು ಲಾರೆನ್ಸ್ ಶಾಲೆ ಅನ್ನುತ್ತಾರೆ. ಬೆಟ್ಟದ ಪುಟ್ಟ ರೈಲಿನಲ್ಲಿ ಊಟಿಗೆ ಹೋಗುವವರು ಊಟಿಗಿಂತ ಸ್ವಲ್ಪ ಮೊದಲು ಲವ್‌ಡೇಲ್ ಎಂಬ ನಿಲ್ದಾಣ ನೋಡಿರುತ್ತೀರಿ. ಆ ಶಾಲೆ ಇರುವುದು ಅಲ್ಲೇ.

ನಮಸ್ಕಾರ.