ತಿದ್ದುವುದೆಂದರೇನು?

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬೈಯ ಫೋರ್ಟ್ ಭಾಗದಲ್ಲಿ ವಕೀಲಿ ಮಾಡುವ ನನಗೆ ಕಾನೂನು ಗ್ರಂಥಾಲಯವೆಂದರೆ ತವರುಮನೆ ಇದ್ದಹಾಗೆ. ಅಲ್ಲಿ 1973ರ ಎಐಆರ್, ಅಂದರೆ ಕೋರ್ಟುಗಳ ತೀರ್ಪುಗಳನ್ನು ಅಚ್ಚುಹಾಕುವ ಆಲ್ ಇಂಡಿಯಾ ರಿಪೋರ್ಟರ್‌ನ ಸಂಪುಟವೊಂದಿದೆ. ಬೈಂಡು ಕಿತ್ತು ಮತ್ತೆ ಹೊಲಿಸಿದ ಪುಸ್ತಕ. ಮುಚ್ಚಿ ಹಿಡಿದು ಅಂಚು ನೋಡಿದರೆ ಒಂದು ಕಡೆ ಮಾತ್ರ ಕಾಗದ ಕಪ್ಪಗಾಗಿದೆ. ವಕೀಲರ ಬೆರಳು ತಾಗಿ ತಾಗಿ ಮಾಸಿದ ಆ ಪುಟಗಳು ಕೇಶವಾನಂದ ಭಾರತಿ ಮೊಕದ್ದಮೆಯವು.

ಈ ಹೆಸರು ಕೇಳಿದರೆ ಮುಂಬೈಯಲ್ಲಿರುವ ಕಾಸರಗೋಡಿನವರ ಕಿವಿ ನಿಮಿರುತ್ತದೆ. ಎಡನೀರು ಮಠದ ಸ್ವಾಮೀಜಿಯವರು. ಯಕ್ಷಗಾನಕ್ಕೂ ಸಂಗೀತಕ್ಕೂ ಮನಸೋತವರು. ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಅವರ ಪರ ವಾದಿಸಿದ್ದು ನಮ್ಮ ಮುಂಬೈಯ ನಾನಿ ಪಾಲ್ಖಿವಾಲ. 13 ನ್ಯಾಯಮೂರ್ತಿಗಳು, 68 ದಿನಗಳ ವಿಚಾರಣೆ, 11 ಪ್ರತ್ಯೇಕ ತೀರ್ಪುಗಳು. 1973ರ ಏಪ್ರಿಲ್ 24ರಂದು ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ ನಿಂತು ಹೊರಬಂದ ಮಾತು ಇದು: ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ತರಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ.

ಇಷ್ಟನ್ನು ಪರೀಕ್ಷೆಗೆ ಓದಿದ ಯಾರು ಬೇಕಾದರೂ ಹೇಳುತ್ತಾರೆ. ನನಗೆ ಮುಖ್ಯ, ಅಲ್ಲಿಗೆ ತಲುಪಿದ ದಾರಿ. 'ಮೂಲ ಸ್ವರೂಪ' ಎಂಬ ಮಾತು ಸಂವಿಧಾನದಲ್ಲಿ ಬರೆದಿಲ್ಲ. 368ನೇ ವಿಧಿಯಲ್ಲಿದ್ದದ್ದು 'ತಿದ್ದುಪಡಿ' ಎಂಬ ಪದ. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಆ ಪದವನ್ನೇ ಹಿಡಿದು ಕೂತರು. ತಿದ್ದುಪಡಿ ಎಂದ ಮೇಲೆ ಹಳೆಯ ಸಂವಿಧಾನ ತನ್ನ ಗುರುತು ಕಳೆದುಕೊಳ್ಳದೆ ಉಳಿದಿರಲೇಬೇಕು ಎಂದರು. ತಕ್ಕಡಿ ವಾಲಿದ್ದು ಅವರಿಂದ.

ಇದನ್ನು ಕನ್ನಡದಲ್ಲಿ ಯೋಚಿಸಿ ನೋಡಿ. ಅಕ್ಷರಾಭ್ಯಾಸದ ದಿನ ಅಜ್ಜ ಸ್ಲೇಟಿನ ಮೇಲೆ ದೊಡ್ಡದಾಗಿ 'ಅ' ಬರೆದು, ನನ್ನ ಕೈ ಹಿಡಿದು ತಿದ್ದಿಸಿದ್ದರು. ತಿದ್ದಿ ತಿದ್ದಿ ಅಕ್ಷರ ದಪ್ಪವಾಯಿತು, ಸ್ವಲ್ಪ ಸೊಟ್ಟಗೂ ಆಯಿತು. ಆದರೂ ಅದು 'ಅ'ವೇ. ಒದ್ದೆ ಬಟ್ಟೆಯಿಂದ ಒರೆಸಿದರೆ ಅದನ್ನು ತಿದ್ದುವುದು ಅನ್ನುತ್ತೇವೆಯೇ? ಅಳಿಸುವುದು ಅನ್ನುತ್ತೇವೆ. ಖನ್ನಾ ಅವರ ವಾದ ನಮ್ಮ ಮಾತಿನೊಳಗೇ ಇದೆ. ಸಂವಿಧಾನದ ಚರ್ಚೆ ಕನ್ನಡದಲ್ಲಿ ನಡೆಯಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಆ ಏಳು ಮಂದಿಯಲ್ಲಿ ಕಾರ್ಕಳ ತಾಲೂಕಿನ ಕೆ. ಎಸ್. ಹೆಗ್ಡೆಯವರೂ ಇದ್ದರು. ತೀರ್ಪಿನ ಬೆನ್ನಿಗೇ ಅವರನ್ನೂ ಅದೇ ಕಡೆ ನಿಂತಿದ್ದ ಶೆಲತ್, ಗ್ರೋವರ್ ಅವರನ್ನೂ ಹಿಂದೆ ಹಾಕಿ, ಅವರಿಗಿಂತ ಕಿರಿಯರಾದ, ಆರು ಮಂದಿಯ ಕಡೆಯಿದ್ದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಒಂದು ಪದದ ಅರ್ಥಕ್ಕೆ ತೆತ್ತ ಬೆಲೆ ಅದು.

ನ್ಯಾಯಾಧೀಶರು ಪದಗಳನ್ನು ಹೇಗೆ ಓದುತ್ತಾರೆಂದು ಅವರೇ ಬರೆದ ಪುಸ್ತಕಗಳೂ ಇವೆ. ಅಮೆರಿಕದ ಸುಪ್ರೀಂ ಕೋರ್ಟಿನ ಒಂದೇ ಪೀಠದಲ್ಲಿ ಕೂತಿದ್ದ ಇಬ್ಬರು ಎದುರುಬದುರಾಗಿ ಬರೆದರು. ಸಂವಿಧಾನ ಬಂದ ಕಾಲದ ಜನ ಪದಕ್ಕೆ ಯಾವ ಅರ್ಥ ಕೊಟ್ಟಿದ್ದರೋ ಅದಕ್ಕೇ ನಿಲ್ಲಿ ಎಂದು 1997ರಲ್ಲಿ ಸ್ಕಾಲಿಯಾ; ಉದ್ದೇಶವನ್ನೂ ಪರಿಣಾಮವನ್ನೂ ನೋಡಿ ಎಂದು 2005ರಲ್ಲಿ ಬ್ರೇಯರ್. ನಮ್ಮವರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ರೋಹಿಂಟನ್ ನರಿಮನ್ ಭಿನ್ನಮತದ ತೀರ್ಪುಗಳ, ಅಂದರೆ ಬಹುಮತವನ್ನು ಒಪ್ಪದ ನ್ಯಾಯಾಧೀಶರು ಬರೆದವುಗಳ ಬಗ್ಗೆಯೇ 2021ರಲ್ಲಿ ಎರಡು ಸಂಪುಟ ತಂದರು. ಒಂದನ್ನೇ ಓದುವಿರಾದರೆ ಅದನ್ನು ಓದಿ. ಸೋತ ವಾದ ಹಗುರವೆಂದು ತಿಳಿಯಬಾರದು. ಜನ ಆರಿಸಿದ ಸಂಸತ್ತಿನ ಕೈಯನ್ನು ನ್ಯಾಯಾಧೀಶರು ಕಟ್ಟಬಹುದೇ ಎಂಬ ಪ್ರಶ್ನೆ ಇಂದಿಗೂ ಬಿಸಿಯಾಗಿಯೇ ಇದೆ.

ಒಂದು ಸಂತೋಷದ ಸುದ್ದಿ ಹೇಳಲೇಬೇಕು. 2023ರ ಜನವರಿಯಿಂದ ಸುಪ್ರೀಂ ಕೋರ್ಟು ಇ-ಎಸ್‌ಸಿಆರ್ ಹೆಸರಿನಲ್ಲಿ ತನ್ನ ತೀರ್ಪುಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಕೆಲವು ಕನ್ನಡದಲ್ಲೂ ಸಿಗುತ್ತವೆ. ಇನ್ನಷ್ಟು ಬರಬೇಕು.

ಮಾಟುಂಗಾದ ಹೋಟೆಲೊಂದರ ಗಲ್ಲೆಯಲ್ಲಿ ಕೂರುವ ಪುತ್ತೂರಿನ ಹುಡುಗನೊಬ್ಬ ಕಾನೂನು ಓದುತ್ತಿದ್ದಾನೆ. ಕೇಶವಾನಂದ ತೀರ್ಪಿನ ಕೊನೆಯ ಸಾರಾಂಶಕ್ಕೆ 13 ಮಂದಿಯಲ್ಲಿ ಒಂಬತ್ತೇ ಮಂದಿ ಸಹಿ ಹಾಕಿದ್ದನ್ನು ಅವನಿಗೆ ತೋರಿಸಿದೆ.

"ಅಕ್ಕ, ಉಳಿದ ನಾಲ್ಕು ಮಂದಿ ಯಾಕೆ ಹಾಕ್ಲಿಲ್ಲ?" ಎಂದು ಕೇಳಿದ.

"ಅವರ ತೀರ್ಪನ್ನೂ ಓದು ಮಾರಾಯ," ಎಂದೆ. ಮೊನ್ನೆ ಫೋನು ಮಾಡಿದ್ದ. ಹೋಟೆಲಿನ ಬಾಗಿಲು ಹಾಕಿದ ಮೇಲೆ ರಾತ್ರಿ ದಿನಾ ನಾಲ್ಕು ಪುಟ ಓದುತ್ತಾನಂತೆ. ಈಗ ರೇ ಅವರ ತೀರ್ಪಿನಲ್ಲಿದ್ದಾನೆ.

ನಮಸ್ಕಾರ.