ಪುಟ್ಟ ಚಕ್ರದ ಹಳೆಯ ಸೈಕಲ್ಲಿಗೆ ಹೊಸ ಬಿಡಿಭಾಗಗಳು

ಕೇಳುಗರಿಗೆ ನಮಸ್ಕಾರ.

ಅಲೆಕ್ಸ್ ಮೌಲ್ಟನ್ ಅವರು 1962ರಲ್ಲಿ ಇಂಗ್ಲೆಂಡಿನಲ್ಲಿ ರಬ್ಬರ್ ಸಸ್ಪೆನ್ಷನ್ನಿನ, ಪುಟ್ಟ ಚಕ್ರಗಳ ಸೈಕಲ್ಲನ್ನು ಬಿಡುಗಡೆ ಮಾಡಿದರು. ಆ ದಶಕದಲ್ಲೇ ರ‍್ಯಾಲೀ ಕಂಪನಿಯ 'ಟ್ವೆಂಟಿ' ಬಂತು. ಈ ಸೈಕಲ್ಲುಗಳ ಉಕ್ಕಿನ ಚೌಕಟ್ಟು ಇಂದಿಗೂ ಗಟ್ಟಿಯಾಗಿರುತ್ತದೆ. ಸವೆಯುವುದು ಅದರ ಸುತ್ತಲಿನ ಭಾಗಗಳು. ಅವುಗಳ ಜಾಗಕ್ಕೆ ಹೊಸದನ್ನು ಕೂರಿಸುವಾಗ, ಚೌಕಟ್ಟನ್ನು ಕೊಯ್ಯದೆ, ಉಜ್ಜದೆ ಆಗುವಷ್ಟನ್ನು ಮಾತ್ರ ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಬದಲಿಸಬೇಕಾದದ್ದು ರಿಮ್. ಕ್ರೋಮಿಯಂ ಲೇಪದ ಉಕ್ಕಿನ ರಿಮ್ ಮಳೆಯಲ್ಲಿ ನೆನೆದಾಗ ಬ್ರೇಕಿನ ರಬ್ಬರು ಅದರ ಮೇಲೆ ಜಾರುತ್ತದೆ, ಅಲ್ಯುಮಿನಿಯಂ ರಿಮ್ಮಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಆದರೆ 'ಇಪ್ಪತ್ತು ಇಂಚು' ಎಂಬ ಒಂದೇ ಮಾತಿನಲ್ಲಿ ಎರಡು ಅಳತೆಗಳು ಅಡಗಿವೆ: ಟೈರು ಕೂರುವ ಜಾಗದ ವ್ಯಾಸ ಒಂದರಲ್ಲಿ 451 ಮಿಲಿಮೀಟರ್, ಇನ್ನೊಂದರಲ್ಲಿ 406. ಎರಡನೆಯದಕ್ಕೆ ಟೈರುಗಳ ಆಯ್ಕೆ ಹೆಚ್ಚು. ಆದರೆ 451ರ ಜಾಗಕ್ಕೆ ಅದನ್ನು ಹಾಕಿದರೆ ಬ್ರೇಕಿನ ರಬ್ಬರು 22.5 ಮಿಲಿಮೀಟರ್ ಕೆಳಗಿಳಿಯಬೇಕಾಗುವುದರಿಂದ, ಉದ್ದ ತೋಳಿನ ಬ್ರೇಕನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕು. ಹಳೆಯ ಮೌಲ್ಟನ್ನಿನ 349ರ ಅಳತೆಯನ್ನೇ ಮಡಚುವ ಸೈಕಲ್ಲಾದ ಬ್ರಾಂಪ್ಟನ್ ಕೂಡ ಬಳಸುವುದರಿಂದ ಅದಕ್ಕೆ ಒಳ್ಳೆಯ ಟೈರು ಸಿಗುತ್ತದೆ.

ನಿಜವಾದ ತೊಡಕು ಇರುವುದು ಪೆಡಲಿನ ಅಚ್ಚು ಹಾದುಹೋಗುವ ಬಾಟಮ್ ಬ್ರಾಕೆಟ್‌ನಲ್ಲಿ. ಇಂದಿನ ಸಾಮಾನ್ಯ ಬೇರಿಂಗ್ ಪೆಟ್ಟಿಗೆಗೆ ಇಂಚಿಗೆ 24 ಥ್ರೆಡ್ ಇದ್ದರೆ, ಟ್ವೆಂಟಿಯ ಕೊಳವೆಗೆ ಇಂಚಿಗೆ 26. ಅಗಲವೂ 68ರ ಬದಲು 76 ಮಿಲಿಮೀಟರ್. ಹೊಸ ಪೆಟ್ಟಿಗೆ ಒಂದೆರಡು ಸುತ್ತು ಸಲೀಸಾಗಿ ಹೋಗಿ ಬಿಗಿದುಕೊಳ್ಳುತ್ತದೆ. ಆಗ ಸ್ಪ್ಯಾನರಿಗೆ ಬಲ ಹಾಕಿದರೆ ಹಳೆಯ ಥ್ರೆಡ್ ಹಾಳಾಯಿತೆಂದೇ ಲೆಕ್ಕ. ಕೊಳವೆಯನ್ನು ಉಜ್ಜಿ, ಹೊಸದಾಗಿ ಥ್ರೆಡ್ ಕೊರೆಸುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಬೇರಿಂಗ್ ಗುಂಡುಗಳು ಕೂರುವ ಮೂಲದ ಬಟ್ಟಲುಗಳನ್ನೇ ಉಳಿಸಿಕೊಂಡು, ಅವುಗಳಿಗೆ ಹೊಂದುವ ಚೌಕ ತುದಿಯ ಅಚ್ಚನ್ನು ಹುಡುಕಿ ಹಾಕಿದರೆ, ಅಚ್ಚಿಗೆ ಬೆಣೆಯಂತೆ ಬಿಗಿಯುವ ಕಾಟರ್ ಪಿನ್ ಬೇಡದ, ಹಗುರವಾದ ಕ್ರ್ಯಾಂಕ್, ಅಂದರೆ ಪೆಡಲಿನ ತೋಳು, ಕೂರುತ್ತದೆ. ಹಳೆಯ ಪಿನ್ನನ್ನು ಬಿಡಿಸುವ ಮುನ್ನ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೆಯೇ ಇರಿಸಬೇಕು. ಸುತ್ತಿಗೆಯ ಪೆಟ್ಟು ಬೇರಿಂಗಿಗೆ ತಾಗದಂತೆ, ಪಿನ್ ಇಳಿದುಬರಲು ಜಾಗವಿರುವ ಕಬ್ಬಿಣದ ಪೈಪೊಂದನ್ನು ಕ್ರ್ಯಾಂಕಿನ ಅಡಿಗೆ ನೆಲದಿಂದ ಆನಿಸಿ ನಿಲ್ಲಿಸಬೇಕು.

ಹಿಂದಿನ ಚಕ್ರಕ್ಕೆ 130 ಅಥವಾ 135 ಮಿಲಿಮೀಟರ್ ಅಗಲದ ಹೊಸ ಹಬ್, ಅಂದರೆ ಚಕ್ರದ ನಡುಭಾಗ, ತುರುಕಲು ಚೌಕಟ್ಟಿನ ಕಾಲುಗಳನ್ನು ಅಗಲಿಸುವುದಕ್ಕಿಂತ, ಹಳೆಯದರಲ್ಲೇ ಇರುವ ಸ್ಟರ್ಮೀ ಆರ್ಚರ್‌ನ ಮೂರು ಗೇರಿನ ಹಬ್ಬನ್ನೇ ಬಿಚ್ಚಿ, ಶುಚಿಮಾಡಿ, ಎಣ್ಣೆ ಕೊಟ್ಟು ಹೊಸ ರಿಮ್ಮಿಗೆ ಕಡ್ಡಿ ಕಟ್ಟಿಸುವುದು ಲೇಸು.

ಗೇರಿನ ಲೆಕ್ಕವನ್ನೂ ಆಗಲೇ ಮಾಡಿಕೊಳ್ಳಬೇಕು. ಮುಂದೆ 46, ಹಿಂದೆ 16 ಹಲ್ಲುಗಳಿದ್ದು ನೇರ ಗೇರಿನಲ್ಲಿ, ಅಂದರೆ ಹಿಂದಿನ ಹಲ್ಲುಚಕ್ರ ಒಂದು ಸುತ್ತು ತಿರುಗಿದರೆ ಸೈಕಲ್ಲಿನ ಚಕ್ರವೂ ಒಂದೇ ಸುತ್ತು ತಿರುಗುವ ಗೇರಿನಲ್ಲಿ, ಇರುವಾಗ, ಪೆಡಲಿನ ಒಂದು ಸುತ್ತಿಗೆ ದೊಡ್ಡ ಚಕ್ರದ ಸೈಕಲ್ಲು ಸುಮಾರು 6 ಮೀಟರ್ ಸಾಗಿದರೆ, ಇದು ಸುಮಾರು 4.6 ಮೀಟರ್ ಮಾತ್ರ ಸಾಗುತ್ತದೆ. ಹೊಸ ಕ್ರ್ಯಾಂಕ್ ಕೊಳ್ಳುವಾಗಲೇ 52 ಹಲ್ಲಿನ ಚಕ್ರವಿರುವುದನ್ನು ಆರಿಸಿ, ಅದು ಚೌಕಟ್ಟಿಗೆ ತಾಗದಂತೆ ಅಚ್ಚಿನ ಉದ್ದವನ್ನು ಅಳೆದು ನೋಡಿಯೇ ಹಣ ಕೊಡಬೇಕು.

ನಮಸ್ಕಾರ.