ಮಲೆನಾಡಿನ ಕಲ್ಲುಕೆತ್ತನೆ: ಮನೆತನದ ವಿದ್ಯೆ, ಊರಿನ ಹೊಣೆ

ಸಭೆಯಲ್ಲಿರುವ ಹಿರಿಯರಿಗೂ, ಶಿಲ್ಪಿ ಬಾಂಧವರಿಗೂ, ವಿದ್ಯಾರ್ಥಿಗಳಿಗೂ ನಮಸ್ಕಾರ.

ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಗೊಂಡದ್ದು 1117ರಲ್ಲಿ. ಅಲ್ಲಿಗೆ ಹೋದವರೆಲ್ಲ ಕತ್ತೆತ್ತಿ ಮದನಿಕೆಯರ ಮುಖ ನೋಡುತ್ತಾರೆಯೇ ಹೊರತು ಪೀಠದ ಮೇಲಿನ ಅಕ್ಷರಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳಲ್ಲಿ ತಮ್ಮ ಹೆಸರನ್ನು ಕೊರೆದಿದ್ದಾರೆ. ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯೇ ಅವರ ಊರು. ಜಕಣಾಚಾರಿ ಮತ್ತು ಅವನ ಮಗನ ಕತೆ ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠವಾಗಿದೆ, ಆದರೆ ಕಲ್ಲಿನ ಮೇಲೆಯೇ ಸಾಕ್ಷಿಯಿರುವ ಈ ತಂದೆಮಕ್ಕಳ ಹೆಸರು ಶಿವಮೊಗ್ಗ ಜಿಲ್ಲೆಯಲ್ಲೂ ಹೆಚ್ಚು ಜನರ ನಾಲಗೆಯ ಮೇಲಿಲ್ಲ.

ಹೊಯ್ಸಳ ದೊರೆ ಕಟ್ಟಿಸಿದ ದೇಗುಲಕ್ಕೆ ಬಳ್ಳಿಗಾವಿಯ ಕೈ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಉತ್ತರ ನಮ್ಮ ಹೊಲಗದ್ದೆಗಳ ಬದುವಿನಲ್ಲೇ ಇದೆ. ಬಳ್ಳಿಗಾವಿಯ ಕೇದಾರೇಶ್ವರ, ತ್ರಿಪುರಾಂತಕೇಶ್ವರ, ಕುಬಟೂರಿನ ಕೈಟಭೇಶ್ವರ ದೇವಾಲಯಗಳನ್ನು ಎಲ್ಲರೂ ಹೆಸರಿಸುತ್ತಾರೆ. ನಾನು ಹೇಳಬಯಸುವುದು ಶಿಕಾರಿಪುರ, ಸೊರಬ ಸೀಮೆಯಲ್ಲಿ ಊರೂರಿಗೂ ನಿಂತಿರುವ ವೀರಗಲ್ಲು, ಸತಿಹೋದವರ ನೆನಪಿನ ಮಾಸ್ತಿಕಲ್ಲುಗಳ ಮಾತು. ವೀರಗಲ್ಲಿನ ಕೆಳಗಿನ ಹಲಗೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಈ ಮೂರು ಅಂಕಣಗಳನ್ನು ಒಬ್ಬ ಹುಡುಗ ಹತ್ತಾರು ಸಲ ಕೆತ್ತಿದರೆ ಕುದುರೆಯ ಕಾಲು, ಬಿಲ್ಲು ಹಿಡಿದ ತೋಳು, ಗಂಧರ್ವರ ಮುಖ ಎಲ್ಲವೂ ಕೈಗೆ ಬರುತ್ತವೆ. ದೊಡ್ಡ ದೇಗುಲ ತಲೆಮಾರಿಗೊಂದು ಬಂದೀತು. ಶಿಲ್ಪಿಯ ಮನೆಯ ಒಲೆ ಉರಿದದ್ದು ಇಂಥ ಸಣ್ಣ ಕೆಲಸಗಳಿಂದ, ಒರಳು, ಬೀಸುವ ಕಲ್ಲು, ಉಪ್ಪಿನಕಾಯಿ ತುಂಬಿಡುವ ಕಲ್ಮರಿಗೆಗಳಿಂದ. ಮಿಕ್ಸಿ ಬಂದು ಒರಳು ಹಿತ್ತಿಲಿಗೆ ಹೋದದ್ದನ್ನು ನಾವು ಅಡುಗೆಮನೆಯ ಬದಲಾವಣೆ ಎಂದಷ್ಟೇ ತಿಳಿದೆವು. ಕಲಿಯುವ ಕೈಗೆ ಸಿಗುತ್ತಿದ್ದ ದಿನನಿತ್ಯದ ಕೆಲಸವೂ ಆಗಲೇ ಹೋಯಿತು. ಆದುದರಿಂದ ಈ ವಿದ್ಯೆಯನ್ನು ಉಳಿಸುವುದೆಂದರೆ ಮೊದಲು ಅದಕ್ಕೆ ಕೆಲಸ ಕೊಡುವುದು, ಆಮೇಲೆ ಸನ್ಮಾನ, ದಾಖಲಾತಿ ಇತ್ಯಾದಿ ಎಂಬುದು ನನ್ನ ಅಭಿಪ್ರಾಯ.

ಮನೆತನದಲ್ಲಿ ಹರಿದುಬಂದ ವಿದ್ಯೆ ಎನ್ನುತ್ತೇವಲ್ಲ, ಅದರಲ್ಲಿ ನಿಜವಾಗಿ ಹರಿದುಬಂದದ್ದೇನು? ತಾಳಮಾನವನ್ನು, ಅಂದರೆ ಮೂರ್ತಿಯ ಅಂಗಾಂಗಗಳ ಅಳತೆಯ ಲೆಕ್ಕವನ್ನು, ಪುಸ್ತಕದಿಂದ ಕಲಿಯಬಹುದು. ನವತಾಳದ, ಅಂದರೆ ಮುಖದ ಉದ್ದದ ಒಂಬತ್ತರಷ್ಟು ಎತ್ತರದ ಮೂರ್ತಿಗೆ 108 ಅಂಗುಲ, ನಟ್ಟನಡುವೆ ಮೇಲಿಂದ ಕೆಳಕ್ಕೆ ಇಳಿಯುವ ಬ್ರಹ್ಮಸೂತ್ರದ ಗೆರೆ, ಇವೆಲ್ಲ ಶಾಸ್ತ್ರದಲ್ಲಿ ಬರೆದೇ ಇವೆ. ಪುಸ್ತಕದಲ್ಲಿ ಸಿಗದಿರುವುದು ಕಲ್ಲಿನ ಪರೀಕ್ಷೆ. ಅನುಭವಸ್ಥ ಶಿಲ್ಪಿ ಕಲ್ಲಿನ ಮೈಯುದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತಾನೆ; ದನಿ ಒಂದೇ ಸಮನಾಗಿ ಗಟ್ಟಿಯಾಗಿ ಬಂದರೆ ಸರಿ, ಎಲ್ಲಾದರೂ ಒಡಕು ದನಿ ಬಂದರೆ ಅಲ್ಲಿಗೆ ಕೈ ನಿಲ್ಲುತ್ತದೆ. ಮತ್ತೆ ನೀರು ಸುರಿದು ಒಣಗುವುದನ್ನು ಕಾಯುತ್ತಾನೆ, ಏಕೆಂದರೆ ಮೈಯೆಲ್ಲ ಒಣಗಿದ ಮೇಲೂ ಕೂದಲೆಳೆಯಷ್ಟು ಬಿರುಕಿರುವ ಕಡೆ ತೇವದ ಗೆರೆ ಕಪ್ಪಾಗಿ ಉಳಿದಿರುತ್ತದೆ. ಆ ಗೆರೆ ಮೂರ್ತಿಯ ಮೂಗಿಗೆ ಬರುತ್ತದೋ ಪೀಠಕ್ಕೆ ಬರುತ್ತದೋ ಎಂದು ಮೊದಲೇ ಲೆಕ್ಕ ಹಾಕಬೇಕು.

ಕಲ್ಲು ಬೇರೆಯಾದರೆ ಕೆಲಸವೂ ಬೇರೆ. ಬಳ್ಳಿಗಾವಿಯ ಬಳಪದ ಕಲ್ಲಿನಲ್ಲಿ ಟಾಲ್ಕ್, ಕ್ಲೋರೈಟ್‌ಗಳಂಥ ಮೆದು ಖನಿಜಗಳಿರುವುದರಿಂದಲೇ ಮಣಿಹಾರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಲು ಸಾಧ್ಯವಾಯಿತು. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಗಡಸು ಕಲ್ಲು ಅಷ್ಟು ಸೂಕ್ಷ್ಮಕ್ಕೆ ಒಗ್ಗುವುದಿಲ್ಲ. ಅಲ್ಲಿಯ ಶಿಲ್ಪಿ ಕಡಿಮೆ ದರ್ಜೆಯವನೆಂದು ಪ್ರವಾಸಿಗರು ಹೇಳುವುದುಂಟು, ಅದು ಕಲ್ಲನ್ನು ಅರಿಯದವರ ಮಾತು.

ಗಡಸು ಕಲ್ಲಿಗೆ ಉಳಿಯ ಮೊನೆ ಬೇಗ ಮೊಂಡಾಗುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಚೂಪಾಗಿಸಿ, ತುದಿಯನ್ನಷ್ಟೇ ನೀರಿಗದ್ದಿ ತೆಗೆದು ಉಜ್ಜಿದರೆ, ಹಿಂದಿನ ಬಿಸಿ ಮೊನೆಯತ್ತ ಹರಿಯುವಾಗ ಉಕ್ಕಿನ ಮೈಮೇಲೆ ಒಣಹುಲ್ಲಿನ ಬಣ್ಣ, ನೇರಳೆ, ನೀಲಿ ಒಂದರ ಹಿಂದೊಂದು ಓಡುತ್ತವೆ. ಯಾವ ಬಣ್ಣದಲ್ಲಿ ಮತ್ತೆ ನೀರಿಗದ್ದಬೇಕೆಂಬುದೇ ಹದ: ಮುಂಚೆಯಾದರೆ ಮೊನೆ ಮುರಿಯುತ್ತದೆ, ತಡವಾದರೆ ಮಡಿಸಿಕೊಳ್ಳುತ್ತದೆ. ಇಂದು ಕಾರ್ಬೈಡ್ ಮೊನೆಯ ಉಳಿ ಅಂಗಡಿಯಲ್ಲೇ ಸಿಗುತ್ತದೆ. ಗ್ರೈಂಡರ್ ಕೂಡ ಬಂದಿದೆ. ಯಂತ್ರ ಬೇಡವೆನ್ನುವವನು ನಾನಲ್ಲ. ದಿನವಿಡೀ ಸುತ್ತಿಗೆ ಎತ್ತುವ ತೋಳಿನ ನೋವನ್ನು ಸಭಾಂಗಣದಲ್ಲಿ ಕುಳಿತವರು ಪರಂಪರೆಯ ಹೆಸರಿನಲ್ಲಿ ಹೊಗಳಬಾರದು. ಆದರೆ ಗ್ರೈಂಡರ್ ಎಬ್ಬಿಸುವ ಗ್ರಾನೈಟ್ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ತರುತ್ತದೆ, ಅದು ವಾಸಿಯಾಗುವ ಕಾಯಿಲೆಯಲ್ಲ. ನೀರು ಹಾಯಿಸಿ ಕೊರೆಯುವ ವ್ಯವಸ್ಥೆಯೂ ಒಳ್ಳೆಯ ಮುಖಗವಸೂ ಇಲ್ಲದ ಕೊಟ್ಟಿಗೆಗೆ ಮಗನನ್ನು ಕಳುಹಿಸಲು ಅಪ್ಪ ಹಿಂಜರಿದರೆ ಅವನನ್ನು ದೂರುವಂತಿಲ್ಲ.

ಕುಶಲಕರ್ಮಿಗಳಿಗಾಗಿ ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿಗಳೂ ಕಲ್ಲುಕೆತ್ತನೆಯವರೂ ಇದ್ದಾರೆ. ಉಪಕರಣಗಳಿಗೆ 15,000 ರೂಪಾಯಿಯ ನೆರವು, ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ ಉಪಯುಕ್ತವೇ. ಆದರೆ ಅದರ ಆರಂಭಿಕ ತರಬೇತಿ ಐದರಿಂದ ಏಳು ದಿನಗಳದ್ದು. ಕಲ್ಲಿನ ದನಿ ಕೇಳಿ ಗುರುತಿಸುವ ಕಿವಿ ಅಷ್ಟರಲ್ಲಿ ಪಳಗುವುದಿಲ್ಲ.

ಹಾಗಾಗಿ ಇಲ್ಲಿರುವ ದೇವಸ್ಥಾನ ಸಮಿತಿಗಳವರಲ್ಲಿ ನನ್ನದೊಂದು ಕೋರಿಕೆ. ಜೀರ್ಣೋದ್ಧಾರದ ಅಂದಾಜುಪಟ್ಟಿಯಲ್ಲಿ ಕೆತ್ತನೆಯನ್ನು ಚದರಡಿ ಲೆಕ್ಕದಲ್ಲಿ ಸಿಮೆಂಟು, ಟೈಲ್ಸ್ ಜೊತೆ ಸೇರಿಸಿ ಕಡಿಮೆ ದರದವರಿಗೆ ಒಪ್ಪಿಸಬೇಡಿ. ಅದನ್ನು ಪ್ರತ್ಯೇಕ ಬಾಬ್ತಾಗಿಸಿ ನೇರವಾಗಿ ಶಿಲ್ಪಿಯ ಕೈಗೆ ಕೊಡಿ. ಆ ಬಾಬ್ತಿನಲ್ಲೇ ಕೆಲಸ ಮುಗಿಯುವವರೆಗೆ ಒಬ್ಬ ಕಲಿಯುವವರ ಕೂಲಿಯನ್ನೂ ಸೇರಿಸಿ. ಆ ಕಲಿಯುವವರು ಶಿಲ್ಪಿಯ ಮಗನೇ ಆಗಬೇಕೆಂದಿಲ್ಲ. ಮಗಳಾಗಬಹುದು, ಬೇರೆ ಜಾತಿಯ, ಬೇರೆ ಊರಿನ ಹುಡುಗನೂ ಆಗಬಹುದು. ಈ ಷರತ್ತನ್ನು ಒಪ್ಪಲು ಕೆಲವು ಮನೆತನಗಳಿಗೆ ಕಷ್ಟವಾದೀತು. ಆ ಮಾತುಕತೆಗೆ ಸಮಿತಿಯವರೇ ಮುಂದಾಗಬೇಕು.